ಮೂವತ್ತೊಂದು ಮತದ ಊಟ

ಹೊಳೆಮಟ್ಟಿ ವಿಧಾನಸಭಾ ಕ್ಷೇತ್ರದ ಮತದಾರರ ಬಗ್ಗೆ ಸತ್ಯಬೋಧ ಮಾಸ್ತರರ ಅಭಿಪ್ರಾಯ ಏನೆಂಬುದನ್ನು ಬಾಗಲಕೋಟೆಯ ನವನಗರದಲ್ಲಿ ಕೇಳದವರಿಲ್ಲ. ಮುಂಜಾನೆ ವಾಕಿಂಗಿಗೆ ಹೊರಟವರು ಅವರ ಗೇಟಿನ ಮುಂದೆ ಬಂದಾಗ ಹೆಜ್ಜೆ ಚುರುಕು ಮಾಡುತ್ತಿದ್ದರು. ಸಿಕ್ಕಿಬಿದ್ದವರು ಐವತ್ತೇಳರ ಮೊದಲ ಚುನಾವಣೆಯಿಂದ ಹಿಡಿದು ಮೊನ್ನೆ ಮೊನ್ನೆ ಆದದ್ದರವರೆಗೆ ಯಾರು ನಿಂತರು, ಯಾರು ಬಿದ್ದರು, ಅಂತರ ಎಷ್ಟು, ಕುಲಗೆಟ್ಟ ಮತ ಎಷ್ಟು ಎಂಬುದನ್ನೆಲ್ಲ ಕೇಳಿಸಿಕೊಂಡೇ ಮನೆ ಮುಟ್ಟಬೇಕು. ಮಾಸ್ತರರು ಮೂವತ್ತು ವರ್ಷಕ್ಕೂ ಮೇಲೆ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸಿದವರು. ಆಗ ಹುಡುಗರಿಗೆ ಎದ್ದು ಹೋಗುವ ಸ್ವಾತಂತ್ರ್ಯ ಇರಲಿಲ್ಲ, ಈಗ ವಾಕಿಂಗಿನವರಿಗೆ ಇದೆ, ಅಷ್ಟೇ ವ್ಯತ್ಯಾಸ.

ಆದರೆ ಕ್ಷೇತ್ರದ ಇತಿಹಾಸ ಹೇಳುವಂಥದ್ದೇ ಆಗಿತ್ತು. ಘಟಪ್ರಭೆಯ ದಂಡೆಗುಂಟ ಇದ್ದ ಹೊಳೆಸಾಲಿನ ಹಳ್ಳಿಗಳು ಅವು. ಕೆಳಗೆ ಆಣೆಕಟ್ಟು ಎದ್ದ ಮೇಲೆ ಹಿನ್ನೀರು ಬಂದು ಅರ್ಧ ಕ್ಷೇತ್ರವನ್ನು ನುಂಗಿತು. ಉಳಿದರ್ಧದ ದಂಡೆಯಲ್ಲಿ ನಿಂತರೆ ಈಗ ಆಚೆ ದಂಡೆ ಕಾಣುವುದಿಲ್ಲ, ಮಂದಿ ಅದನ್ನು ಸಮುದ್ರ ಎಂದೇ ಕರೆಯುತ್ತಾರೆ. ಊರು ಮುಳುಗಿತು, ಹೊಲ ಮುಳುಗಿತು, ಹನುಮಪ್ಪನ ಗುಡಿಯೂ ಮುಳುಗಿತು. ಮುಳುಗದೆ ಉಳಿದದ್ದು ದೊಡ್ಡಮನೆಯವರೆನಿಸಿದ ವಾಡೆದ ಗೌಡರ ಮನೆತನ ಒಂದೇ.

ಐವತ್ತೇಳರಲ್ಲಿ ದೊಡ್ಡಗೌಡರು ಅವಿರೋಧವಾಗಿ ಆರಿಸಿ ಬಂದರು. ಎದುರಿಗೆ ನಿಲ್ಲಬೇಕಾದವನು ಅರ್ಜಿ ಹಿಡಿದು ಹೊಳೆಯ ದಂಡೆಗೆ ಬಂದರೆ, ದಾಟಿಸುವ ಅಂಬಿಗ ಅವತ್ತೇ ಗೌಡರ ಹೊಲಕ್ಕೆ ಜೋಳ ಕೊಯ್ಯಲು ಹೋಗಿದ್ದನಂತೆ. ಆ ಮನುಷ್ಯನ ಪಾಡಿಗೆ ಮರುಗಿದವರ ಹಾಗೆ ದೊಡ್ಡಗೌಡರು ಗೆದ್ದ ದಿನವೇ ಹೊಳೆಗೆ ಸೇತುವೆ ಕಟ್ಟಿಸುವ ಮಾತು ಕೊಟ್ಟರು. ಆ ಸೇತುವೆಗೆ ನಾಲ್ಕು ಸಲ ಅಡಿಗಲ್ಲು ಬಿತ್ತು. ನಾಲ್ಕೂ ಈಗ ನೀರಿನ ತಳದಲ್ಲಿವೆ, ಮೀನುಗಳು ಹೆಸರು ಓದಿಕೊಳ್ಳುತ್ತಿರಬಹುದು. ಹದಿನೈದು ಚುನಾವಣೆಗಳಲ್ಲಿ ಹನ್ನೆರಡನ್ನು ವಾಡೆದವರು ಗೆದ್ದರು. ಅಷ್ಟರಲ್ಲಿ ಐದು ಪಕ್ಷ ಬದಲಾದವು, ಬಾವುಟದ ಬಣ್ಣ ಬದಲಾಯಿತು, ಗೌಡರ ಹೆಗಲ ಮೇಲಿನ ಶಲ್ಯೆ ಬದಲಾಯಿತು, ಗೌಡರು ಮಾತ್ರ ಬದಲಾಗಲಿಲ್ಲ.

ಮತದಾರರೂ ಕಡಿಮೆಯೇನಲ್ಲ ಎಂದು ಮಾಸ್ತರರು ಹೇಳುತ್ತಿದ್ದರು. ಒಂದು ಸಲ ಗೌಡರ ಕಡೆಯವರು ಮುಂಜಾನೆ ಬಸ್ಸು ತುಂಬಿಸಿಕೊಂಡು ಚೊಳಚಗುಡ್ಡಕ್ಕೆ ಒಯ್ದು ಬನಶಂಕರಿಯ ಮುಂದೆ ಆಣೆ ಮಾಡಿಸಿದರು. ಅದೇ ಮಂದಿಯನ್ನು ಮಧ್ಯಾಹ್ನ ಎದುರಾಳಿಯ ಬಸ್ಸು ಒಯ್ದು ಅದೇ ದೇವಿಯ ಮುಂದೆ ನಿಲ್ಲಿಸಿ ಇನ್ನೊಂದು ಆಣೆ ಮಾಡಿಸಿತು. ಎರಡೂ ಕಡೆಯ ಪ್ರಸಾದ ಉಂಡು ಬಂದವರು ತಮಗೆ ಬೇಕಾದಲ್ಲಿ ಮುದ್ರೆ ಒತ್ತಿದರು. ಇನ್ನೊಂದು ಸಲ ಇಳಕಲ್ಲ ಸೀರೆ ಎಂದು ಹಂಚಿದ್ದು ಮೊದಲ ಒಗೆತಕ್ಕೇ ಬಣ್ಣ ಬಿಟ್ಟಿತು. ಇಳಕಲ್ಲಿನ ನೇಕಾರರು ಹೊಟ್ಟೆ ಹಿಡಿದುಕೊಂಡು ನಕ್ಕರು. ಸೀರೆ ಉಟ್ಟವರು ಗೌಡರನ್ನು ಬೈದುಕೊಂಡೇ ಹೋಗಿ ಗೌಡರಿಗೇ ಮತ ಹಾಕಿ ಬಂದರು. ಇದನ್ನು ಹೇಳಿ ಮುಗಿಸುವಾಗ ಮಾಸ್ತರರು ತುಟಿ ಕೊಂಕಿಸಿ, ಇಂಥ ಮಂದಿಗೆ ಇಂಥವರೇ ಎನ್ನುತ್ತಿದ್ದರು. ತಾವು ಮಾತ್ರ ಆ ಮಂದಿಯೊಳಗೆ ಸೇರಿದವರಲ್ಲ ಎಂಬುದು ಅವರ ನಂಬಿಕೆಯಾಗಿತ್ತು.

ಇಷ್ಟೆಲ್ಲ ಹೇಳುವವರು ಒಂದೇ ಒಂದು ಚುನಾವಣೆಯನ್ನು ಮಾತ್ರ ಅವಸರದಲ್ಲಿ ದಾಟಿಬಿಡುತ್ತಿದ್ದರು. ಎಂಬತ್ತಮೂರರಲ್ಲಿ ವಾಡೆದವರು ಮೂವತ್ತೊಂದು ಮತದಿಂದ ಗೆದ್ದರು ಎಂದು ಹೇಳಿ, ಉಸಿರೂ ಬಿಡದೆ ಎಂಬತ್ತೈದಕ್ಕೆ ಜಿಗಿಯುತ್ತಿದ್ದರು.

ಹೀಗಿರುವಾಗ ಈ ವರ್ಷ ಶ್ರಾವಣದಲ್ಲಿ ಈಗಿನ ಗೌಡರ ಮಗ ಪ್ರೇಮಕುಮಾರ ಮಾಸ್ತರರ ಮನೆಗೆ ಬಂದ. ತಂದೆಯ ಎಪ್ಪತ್ತೈದನೆಯ ಹುಟ್ಟುಹಬ್ಬ ಬರುತ್ತಿದೆ, ಮುಂದಿನ ಸಲ ಟಿಕೆಟ್ಟು ತನಗೆ ಬರಬೇಕು, ಅದಕ್ಕೆ ಮೊದಲು ಕ್ಷೇತ್ರದ ಚುನಾವಣಾ ಇತಿಹಾಸವೆಂಬ ದಪ್ಪ ಪುಸ್ತಕ ಒಂದು ಆಗಬೇಕು, ಬರೆಯಲು ತಮ್ಮನ್ನು ಬಿಟ್ಟರೆ ಜಿಲ್ಲೆಯಲ್ಲಿ ಯಾರಿದ್ದಾರೆ ಎಂದ. ಎಂಬತ್ತಮೂರಕ್ಕೆ ಒಂದು ಪ್ರತ್ಯೇಕ ಅಧ್ಯಾಯ ಬೇಕು, ಅದು ತಂದೆಯ ಮೊದಲ ಗೆಲುವು, ಐತಿಹಾಸಿಕ ಗೆಲುವು ಎಂದೂ ಹೇಳಿದ. ಯಾವ ಪಕ್ಷದ ಟಿಕೆಟ್ಟು ಎಂದು ಮಾಸ್ತರರು ಕೇಳಿದ್ದಕ್ಕೆ ಅದಿನ್ನೂ ನಿರ್ಧಾರವಾಗಿಲ್ಲ ಎಂದು ಪ್ರಾಮಾಣಿಕವಾಗಿ ಹೇಳಿದ. ವಾಡೆದವರು ಪ್ರಾಮಾಣಿಕವಾಗಿ ಹೇಳಿದ ಮೊದಲ ಮಾತು ಅದೇ ಇದ್ದೀತು.

ಇಡೀ ಜೀವನ ಆ ಮನೆತನವನ್ನು ಹೀಯಾಳಿಸಿದ ಮಾಸ್ತರರು ಒಂದು ಗಳಿಗೆಯೂ ತಡಮಾಡದೆ ಒಪ್ಪಿಕೊಂಡರು. ಯಾಕೆಂದರೆ ಚುನಾವಣೆಯ ಲೆಕ್ಕ ಬರೆದಿಟ್ಟ ಅವರ ನೋಟುಬುಕ್ಕುಗಳು ಬೇಕು ಎಂದವರು ಅದುವರೆಗೆ ಯಾರೂ ಇರಲಿಲ್ಲ. ಬೇಲಿ ಹಾರುವಾಗ ಮಾತ್ರ ದನವನ್ನು ಬೈಯುತ್ತೇವೆ. ಹಸಿರು ಕಂಡಾಗ ನಮ್ಮ ಕಾಲೂ ನಿಲ್ಲುವುದಿಲ್ಲ.

ಎಂಬತ್ತಮೂರರ ಪುಟಕ್ಕೆ ಬಂದಾಗ ಪೆನ್ನು ನಿಂತಿತು.

ಆ ಸಲ ವಾಡೆದವರಿಗೆ ಎದುರು ನಿಂತವನು ಯಂಕಪ್ಪ. ಹೊಳೆಮಟ್ಟಿಯವನೇ. ಹಳೇ ಬಾಗಲಕೋಟೆಯ ಪೇಟೆಯಲ್ಲಿ ಹತ್ತಿಯ ಅಂಡಿಗೆ ಹೊರುವ ಹಮಾಲರ ಸಂಘ ಕಟ್ಟಿದವನು. ಪಕ್ಷ ಇಲ್ಲ, ಕಾರು ಇಲ್ಲ, ಏಣಿಯ ಗುರುತು. ಹಮಾಲರು ಖರೆ ಖರೆ ಏಣಿ ಹೊತ್ತುಕೊಂಡು ಊರೂರು ತಿರುಗಿದರು. ಹೊಳೆಸಾಲಿನ ಮಂದಿಗೆ ಅದೊಂದು ಸಲ ಬುದ್ಧಿ ನೆಟ್ಟಗಾಗಿತ್ತು. ಯಂಕಪ್ಪನ ಊರಿನ ಬೂತಿಗೆ ಅಧಿಕಾರಿಯಾಗಿ ಬಂದವರು ಆಗಷ್ಟೇ ಕೆಲಸಕ್ಕೆ ಸೇರಿದ್ದ, ಇಪ್ಪತ್ತೇಳು ವರ್ಷದ ಸತ್ಯಬೋಧ. ಬೂತಿನೊಳಗೆ ಯಂಕಪ್ಪನ ಪರವಾಗಿ ಏಜೆಂಟನಾಗಿ ಕೂತವನು ಅವನ ಖಾಸ ತಮ್ಮ ಪಾಂಡಪ್ಪ. ಜೀವ ಹೋದರೂ ಕುರ್ಚಿ ಬಿಟ್ಟು ಏಳಬೇಡ ಎಂದು ಅಣ್ಣ ಅವನಿಗೆ ಹೇಳಿ ಕಳಿಸಿದ್ದ.

ಕುರ್ಚಿ ಬಿಟ್ಟು ಎದ್ದವರು ಸತ್ಯಬೋಧರು. ಉಳಿದ ಸಿಬ್ಬಂದಿಗೆ ತಳವಾರನ ಮನೆಯಿಂದ ರೊಟ್ಟಿ ಬಂತು. ಸತ್ಯಬೋಧರು ಮಡಿಯವರು, ಕಂಡಲ್ಲಿ ಉಣ್ಣುವವರಲ್ಲ. ಹಳ್ಳದ ಆಚೆ ಪೋಸ್ಟ್‌ಮಾಸ್ತರರ ಮನೆ ಒಂದಿದೆ, ಅವರ ಹೆಂಡತಿ ಭಾಗೀರಥೀಬಾಯಿ ಮಡಿಯಲ್ಲಿ ಅಡಿಗೆ ಮಾಡಿ ಕಾಯುತ್ತಿದ್ದಾರೆ ಎಂದು ಯಾರೋ ಹೇಳಿದರು. ಹೇಳಿದವನು ಗೌಡರ ಮನುಷ್ಯ ಎಂಬುದು ಅವರಿಗೆ ಆಮೇಲೆ ಹೊಳೆಯಿತು. ಅಧಿಕಾರಿಯ ಸಹಿ ಇಲ್ಲದ ಮತಪತ್ರ ನಡೆಯುವುದಿಲ್ಲ, ತಾವು ಇಲ್ಲದಾಗ ಕೆಲಸ ನಿಲ್ಲಬಾರದೆಂದು ಇನ್ನೂರೈವತ್ತು ಮತಪತ್ರದ ಬೆನ್ನ ಮೇಲೆ ಮೊದಲೇ ಸಹಿ ಹಾಕಿಟ್ಟು, ಹನ್ನೆರಡೂವರೆಗೆ ಹಳ್ಳ ದಾಟಿದರು.

ಎಲೆಯ ಮೇಲೆ ಬದನೆಕಾಯಿ ಭರತ, ಕಟ್ಟಿನ ಸಾರು, ಹೂರಣದ ಹೋಳಿಗೆ, ಮೇಲೆ ಬೆಣ್ಣೆ ಕಾಸಿದ ತುಪ್ಪ. ಸತ್ಯಬೋಧರು ಆಪೋಶನ ತೆಗೆದುಕೊಂಡರು. ಮಂತ್ರ ಹೇಳಿ ಅಂಗೈಯ ನೀರು ಕುಡಿದ ಮೇಲೆ ಊಟ ಮುಗಿಯುವ ತನಕ ಏಳುವಂತಿಲ್ಲ. ಅವರ ಮನೆತನದಲ್ಲಿ ಮಾತೂ ಆಡುವಂತಿಲ್ಲ. ಎರಡು ತುತ್ತು ಇಳಿದಿರಲಿಲ್ಲ, ಪಾಂಡಪ್ಪ ಓಡಿ ಬಂದು ಅಂಗಳದಲ್ಲಿ ನಿಂತ. ಗೌಡರ ಮಂದಿ ಬೂತಿಗೆ ನುಗ್ಗಿ ಮುದ್ರೆ ಕಸಿದುಕೊಂಡಿದ್ದಾರೆ, ಪೊಲೀಸಪ್ಪ ಕಾಣುತ್ತಿಲ್ಲ, ಜಲ್ದಿ ಬರಬೇಕು ಎಂದ. ಸತ್ಯಬೋಧರಿಗೆ ಎಲ್ಲ ಸ್ಪಷ್ಟವಾಗಿ ಕೇಳಿಸಿತು. ಅವರು ಎಡಗೈ ಎತ್ತಿ, ತಡಿ ಎಂದು ಸನ್ನೆ ಮಾಡಿದರು. ಪಾಂಡಪ್ಪ ಕಾದ. ಅಧಿಕಾರಿ ಇಲ್ಲದೆ ಒಬ್ಬನೇ ಮರಳಿ ಹೋಗಿ ಮಾಡುವುದೇನಿತ್ತು? ಇನ್ನೊಂದು ಹೋಳಿಗೆ ಆಯಿತು, ಅನ್ನ ಆಯಿತು, ಮಜ್ಜಿಗೆ ಆಯಿತು. ಅರ್ಧ ತಾಸು ಅವನು ಬಿಸಿಲಲ್ಲಿ ನಿಂತಿದ್ದ.

ಅವರು ಬೂತಿಗೆ ಬರುವಷ್ಟರಲ್ಲಿ ಎಲ್ಲ ಶಾಂತವಾಗಿತ್ತು. ಎರಡನೆಯ ಅಧಿಕಾರಿ ಮುಖ ತಪ್ಪಿಸಿದ. ಗೌಡರ ಕಡೆಯವನು ಎಲೆ-ಅಡಿಕೆ ಮುಂದೆ ಹಿಡಿದ. ಪೆಟ್ಟಿಗೆಯಲ್ಲಿ ಇನ್ನೂರಕ್ಕೂ ಮೇಲೆ ಹೊಸ ಚೀಟಿ, ಪ್ರತಿಯೊಂದರ ಬೆನ್ನ ಮೇಲೂ ಸತ್ಯಬೋಧರ ಸಹಿ. ದಿನಚರಿಯಲ್ಲಿ ಅವರು 'ಮತದಾನ ಶಾಂತಿಯುತ' ಎಂದು ಬರೆದರು. ಯಂಕಪ್ಪನಿಗೆ ತನ್ನ ಊರಿನಲ್ಲೇ ನೂರಾತೊಂಬತ್ತಾರು, ಗೌಡರಿಗೆ ಮುನ್ನೂರಾತೊಂಬತ್ತೆಂಟು. ಇಡೀ ಕ್ಷೇತ್ರದಲ್ಲಿ ಸೋತದ್ದು ಮೂವತ್ತೊಂದರಿಂದ.

ವಾರದ ಮೇಲೆ ಯಂಕಪ್ಪ ಕಾಲೇಜಿಗೆ ಹುಡುಕಿಕೊಂಡು ಬಂದ. ಬೂತು ಬಿಟ್ಟು ಎಲ್ಲಿಗೆ ಹೋಗಿದ್ದೆ ಎಂದರೆ ತಮ್ಮ ನಿಮ್ಮನ್ನು ಕರೆಯಲು ಹೋಗಿದ್ದೆ ಎನ್ನುತ್ತಾನೆ, ಗೌಡರಿಗೆ ಮಾರಿಕೊಂಡ ಎಂದು ಊರು ಅನ್ನುತ್ತಿದೆ, ಖರೆ ಯಾವುದು ಎಂದು ಕೇಳಿದ. ಹೌದು ಎಂದರೆ ಊಟಕ್ಕೆ ಹೋದದ್ದು ಹೊರಗೆ ಬೀಳುತ್ತದೆ, ಕಾಯಂ ಆಗದ ನೌಕರಿ ಹೋಗುತ್ತದೆ. ಸತ್ಯಬೋಧರು, ನನ್ನ ಕಡೆ ಯಾರೂ ಬಂದಿರಲಿಲ್ಲ ಎಂದರು. ಯಂಕಪ್ಪ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿ ಹೋದ. ಅವತ್ತಿನಿಂದ ಇವತ್ತಿನವರೆಗೆ, ನಲವತ್ತೆರಡು ವರ್ಷ, ಆ ಅಣ್ಣ ತಮ್ಮನ ಜೊತೆ ಒಂದು ಮಾತು ಆಡಿಲ್ಲ.

ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಮುಸುರೆಯಲ್ಲಿ ಬಿದ್ದಿತ್ತು ಎಂಬ ಗಾದೆ ಮಾಸ್ತರರಿಗೆ ಗೊತ್ತಿಲ್ಲದ್ದೇನಲ್ಲ. ತರಗತಿಯಲ್ಲಿ ಎಷ್ಟೋ ಸಲ ಮಂತ್ರಿಗಳಿಗೆ ಅನ್ವಯಿಸಿ ಹೇಳಿದ್ದರು.

ಅಧ್ಯಾಯಕ್ಕೆ ಸೋತವನ ಮಾತೂ ಬೇಕಲ್ಲ ಎಂದುಕೊಂಡು, ನಿಜ ಹೇಳಬೇಕೆಂದರೆ ಆ ಹಳೆಯ ಸುಳ್ಳು ಇನ್ನೂ ಗಟ್ಟಿಯಾಗಿದೆಯೇ ಎಂದು ನೋಡಿಕೊಂಡು ಬರಲು, ಮಾಸ್ತರರು ಪುನರ್ವಸತಿ ಕೇಂದ್ರಕ್ಕೆ ಹೋದರು. ಮುಳುಗಡೆಯ ಪಟ್ಟಿಯಲ್ಲಿ ಅಣ್ಣತಮ್ಮಂದಿರ ಹೆಸರು ಮೇಲೆ ಕೆಳಗೆ ಇದ್ದವೆಂದು ಸರ್ಕಾರ ಇಬ್ಬರಿಗೂ ಒಂದೇ ಗೋಡೆಯ ಎರಡು ಮನೆ ಕೊಟ್ಟಿತ್ತು. ಅಣ್ಣ ಕೆಮ್ಮಿದರೆ ತಮ್ಮನಿಗೆ ಕೇಳುತ್ತದೆ, ತಮ್ಮ ಆಕಳಿಸಿದರೆ ಅಣ್ಣನಿಗೆ.

ಎಂಬತ್ತರ ಯಂಕಪ್ಪ ಹೊರಸಿನ ಮೇಲೆ ದಿಂಬಿಗೆ ಒರಗಿ ಕೂತಿದ್ದ. ಎದೆಯ ಬ್ಯಾನಿ, ದವಾಖಾನೆಯವರು ಕೈ ಚೆಲ್ಲಿದ್ದರು. ಹೆಂಡತಿ ಶಾರವ್ವ ಚಹಾ ತಂದಿಟ್ಟಳು. ಪುಸ್ತಕ ಎಂದ ಕೂಡಲೇ ಅವನ ಕಣ್ಣು ಚುರುಕಾದವು.

"ಸಾಹೇಬ್ರ, ಒಂದ ಉಪಕಾರ ಮಾಡ್ರಿ. ಪಾಂಡ್ಯಾ ಅಣ್ಣನ್ನ ಮಾರಿದ ಅಂತ ಅಚ್ಚಿನ್ಯಾಗ ಬರ್ರಿ. ಸಾಯೂದರೊಳಗ ನಾ ಅದನ್ನ ನೋಡಬೇಕು. ಅವಾ ನನ್ನ ಹೆಣಕ್ಕ ಹೆಗಲ ಕೊಡಾಕ ಬರಬಾರದು."

ಬರೆಯಲು ಸಾಕ್ಷಿ ಬೇಕಾಗುತ್ತದೆ ಎಂದು ಮಾಸ್ತರರು ಜಾರಿಕೊಳ್ಳಲು ನೋಡಿದರು. ಯಂಕಪ್ಪ ನಕ್ಕ. ಸಾಕ್ಷಿ ನೀವೇ ಅಲ್ಲವೇ, ಅವತ್ತು ಕಾಲೇಜಿನ ಬಾಗಿಲಲ್ಲಿ ನಿಂತು ಯಾರೂ ಬಂದಿರಲಿಲ್ಲ ಎಂದವರು ನೀವು, ಕಲಿತವರ ಬಾಯಿಂದ ಬಂದ ಆ ಮಾತನ್ನು ನಾನು ದೇವರ ಮಾತಿನ ಹಾಗೆ ಇಟ್ಟುಕೊಂಡಿದ್ದೇನೆ ಎಂದ. ಶಾರವ್ವ ತಲೆ ತಗ್ಗಿಸಿಕೊಂಡು ಒಳಗೆ ಹೋದಳು. ಮೈದುನ ಅಂಥವನಲ್ಲ ಎಂದು ಅವಳಿಗೆ ಮೊದಲಿಂದಲೂ ಅನ್ನಿಸುತ್ತಿತ್ತು, ಆದರೆ ಸಾಹೇಬರ ಮಾತಿನ ಎದುರು ಅವಳ ಅನ್ನಿಸಿಕೆಗೆ ಏನು ಬೆಲೆ?

ಹೊರಗೆ ಬಂದರೆ ಪಕ್ಕದ ಕಟ್ಟೆಯ ಮೇಲೆ ಪಾಂಡಪ್ಪ ಪುಂಡಿನಾರಿನ ಹಗ್ಗ ಹೊಸೆಯುತ್ತ ಕೂತಿದ್ದ. ಎಪ್ಪತ್ತಾರರ ಮುದುಕ. ಒಂದೇ ಗೋಡೆ, ಕಿಟಕಿ ತೆರೆದಿತ್ತು, ಎಲ್ಲ ಮಾತೂ ಕೇಳಿರಬೇಕು. ಮಾಸ್ತರರ ಮುಖವನ್ನು ಒಂದು ಸಲ ನೋಡಿ ಮತ್ತೆ ಹಗ್ಗಕ್ಕೆ ತಿರುಗಿದ. ಬೈದಿದ್ದರೆ ಮಾಸ್ತರರಿಗೆ ಎಷ್ಟೋ ಹಗುರಾಗುತ್ತಿತ್ತು. ಮನೆ ಮುಟ್ಟುವ ತನಕ ಅವರಿಗೆ ಬೆನ್ನು ಉರಿಯಿತು.

ಅವರ ಅಕ್ಷರ ಕೋಳಿ ಕೆದರಿದ ಹಾಗೆ. ಶುದ್ಧ ಪ್ರತಿ ಮಾಡುವವಳು ಹೆಂಡತಿ ಮೃಣಾಲಿನಿ. ಅವಳು ಭಾಗೀರಥೀಬಾಯಿಯ ಮಗಳು. ಆ ಊಟದ ದಿನ ಹೋಳಿಗೆ ಬಡಿಸಿದವಳು ಅವಳೇ. ನಾಲ್ಕು ತಿಂಗಳಿಗೆ ಮದುವೆಯಾಯಿತು. ಅಂಗಳದಲ್ಲಿ ಯಾರೋ ಕೂಗುತ್ತಿದ್ದರೂ ಆಪೋಶನ ತೆಗೆದುಕೊಂಡ ಹುಡುಗ ಎಲೆ ಬಿಟ್ಟು ಅಲುಗಲಿಲ್ಲ, ಆ ನಿಷ್ಠೆ ನೋಡಿಯೇ ನಮ್ಮ ಅವ್ವ ಅಳಿಯನನ್ನು ಆರಿಸಿದಳು ಎಂಬ ಕಥೆಯನ್ನು ಅವಳು ಮದುವೆ, ಮುಂಜಿವೆ, ಕುಬಸ, ಯಾವುದನ್ನೂ ಬಿಡದೆ ಹೇಳಿಕೊಂಡು ಬಂದಿದ್ದಳು. ಕೂಗಿದವನು ಯಾರು ಎಂದು ಅವಳೂ ಕೇಳಿರಲಿಲ್ಲ, ಕಥೆ ಕೇಳಿದವರೂ ಕೇಳಿರಲಿಲ್ಲ. ಪ್ರತಿ ಸಲವೂ ಮಾಸ್ತರರು ವಿನಯದಿಂದ ನೆಲ ನೋಡುತ್ತಿದ್ದರು. ಅದು ವಿನಯವೆಂದು ಎಲ್ಲರೂ ತಿಳಿದಿದ್ದರು.

ಎಂಬತ್ತಮೂರರ ಕರಡು ಓದಿ ಮುಗಿಸಿದ ಮೃಣಾಲಿನಿ ಕನ್ನಡಕ ತೆಗೆದಳು. ಹಮಾಲರ ಏಣಿ ಬಂತು, ಗೌಡರ ಜೀಪು ಬಂತು, ತನ್ನ ಅವ್ವನ ಮನೆಯ ಊಟ ಎಲ್ಲಿ ಎಂದು ಕೇಳಿದಳು. ಇತಿಹಾಸದಲ್ಲಿ ಊಟ-ಗೀಟ ಬರುವುದಿಲ್ಲ ಎಂದರು ಮಾಸ್ತರರು. ಅವಳು ಬಿಡಲಿಲ್ಲ. ಹುಟ್ಟಿದ ಊರು ಮುಳುಗಿದೆ, ಮನೆ ಮುಳುಗಿದೆ, ಅವ್ವನ ಹೆಸರು ಒಂದು ಪುಸ್ತಕದಲ್ಲಾದರೂ ಇರಲಿ, ಹನ್ನೆರಡೂವರೆಗೆ ಕೂತು ಒಂದೂಕಾಲಿಗೆ ಎದ್ದರು ಎಂದು ನಾನೇ ಬರೆದು ಸೇರಿಸುತ್ತೇನೆ ಎಂದು ಪೆನ್ನು ಎತ್ತಿಕೊಂಡಳು. ಮಾಸ್ತರರು ಪೆನ್ನು ಕಸಿದುಕೊಂಡರು. ಆಮೇಲೆ, ಕಸಿದುಕೊಂಡದ್ದು ಯಾಕೆಂದು ಹೇಳಲೇಬೇಕಾಯಿತು.

ಎಲ್ಲ ಕೇಳಿ ಅವಳು ಕರಡಿನ ಹಾಳೆಗಳನ್ನು ಪಕ್ಕಕ್ಕೆ ಸರಿಸಿದಳು. ಆ ಮನುಷ್ಯನಿಗೆ ಒಂದು ಕಾಲಲ್ಲಿ ಮಾತ್ರ ಚಪ್ಪಲಿ ಇತ್ತು ಎಂದು ನೆನಪಿಸಿಕೊಂಡಳು. ಇನ್ನೊಂದು ಹಳ್ಳದಲ್ಲಿ ಹೋಗಿರಬೇಕು. ನೀರು ಕೊಡಲೇ ಎಂದು ತಾನು ಕೇಳಿದ್ದೆ, ಮಡಿಯಲ್ಲಿದ್ದೀ ಹೊರಗೆ ಹೋಗಬೇಡ ಎಂದು ಅವ್ವ ತಡೆದಳು ಎಂದಳು. ಮಾಸ್ತರರಿಗೆ ಸ್ವಲ್ಪ ಧೈರ್ಯ ಬಂತು. ಆಪೋಶನದ ಮೇಲೆ ಏಳುವಂತಿಲ್ಲ, ಮಾತಾಡುವಂತಿಲ್ಲ, ನನ್ನ ಕೈಯಲ್ಲಿ ಏನಿತ್ತು ಎಂದರು.

"ಮೌನ ಊಟಾ ಮುಗಿಯೂ ತನಕಾ ಅಷ್ಟ ಇರ್ತದ," ಎಂದಳು ಮೃಣಾಲಿನಿ. "ನಿಮ್ಮದು ನಲವತ್ತೆರಡು ವರ್ಷ ನಡೀತು. ನಾ ಮೂರ್ಖಿ, ಅದನ್ನ ನಿಷ್ಠಾ ಅಂತ ಊರ ತುಂಬ ಸಾರಿದೆ. ನಾಳೆ ನಡೀರಿ, ನಾನೂ ಬರ್ತೇನಿ."

ಮಾಸ್ತರರು ಹಿಂದೆ ಮುಂದೆ ನೋಡಿದರು. ಇಷ್ಟು ವರ್ಷದ ಮೇಲೆ ಗಾಯ ಕೆದಕಿದರೆ ಆ ಮುದುಕನ ಎದೆ ತಡೆದೀತೇ ಎಂದು ಕರುಣೆ ತೋರಿಸಿದರು. ಅವಳು ಎದ್ದು ಅಡಿಗೆಮನೆಗೆ ಹೋದಳು. ಅವತ್ತು ಅವರ ತಾಟು ಮೇಜಿನ ಮೇಲೆ ಬಂತು, ಬಡಿಸುವವಳು ಬರಲಿಲ್ಲ. ಮಾಸ್ತರರು ಒಬ್ಬರೇ ಹಾಕಿಕೊಂಡು ಉಂಡು, ಹೊಸ ಹಾಳೆ ತೆಗೆದುಕೊಂಡು ನಡೆದದ್ದನ್ನು ನಡೆದ ಹಾಗೆ ಬರೆದರು. ಒಂದೂವರೆ ಪುಟ ಆಯಿತು. ಅವರು ಬರೆದವುಗಳಲ್ಲಿ ಅಂಕಿ ಅಂಶ ಕಡಿಮೆ ಇದ್ದದ್ದು ಅದೊಂದೇ.

ಮರುದಿನ ಮುಂಜಾನೆ ಇಬ್ಬರೂ ಪುನರ್ವಸತಿ ಕೇಂದ್ರಕ್ಕೆ ಹೋದರು. ಪಾಂಡಪ್ಪನ ಕಟ್ಟೆ ಖಾಲಿ ಇತ್ತು. ಯಂಕಪ್ಪನ ಹೊರಸಿನ ಪಕ್ಕ ಕುರ್ಚಿ ಎಳೆದುಕೊಂಡು ಮಾಸ್ತರರು ಹಾಳೆ ಓದಿದರು. ಯಂಕಪ್ಪ ಕಣ್ಣು ಮುಚ್ಚಿಕೊಂಡು ಕೇಳಿದ. ಓದಿ ಮುಗಿದ ಮೇಲೂ ತೆರೆಯಲಿಲ್ಲ.

ನಿಮ್ಮನ್ನು ಪ್ರೇಮಕುಮಾರ ಕಳಿಸಿದ್ದಾನೆ ಎಂದ ಕೊನೆಗೆ. ನಮ್ಮ ಓಣಿ ಎರಡಾಗಿದೆ, ಅರ್ಧ ನನ್ನ ಕಡೆ, ಅರ್ಧ ಪಾಂಡ್ಯಾನ ಕಡೆ. ಅಣ್ಣತಮ್ಮಂದಿರನ್ನು ಒಂದು ಮಾಡಿದೆ ಎಂದು ಹೇಳಿಕೊಂಡು ಇಡೀ ಓಣಿಯ ಮತ ಹೊಡೆಯುವ ಹೂಟ ಇದು, ನನಗೆ ವಾಡೆದವರ ಆಟ ಹೊಸದಲ್ಲ ಎಂದ. ನಲವತ್ತೆರಡು ವರ್ಷ ಸೋಲನ್ನೇ ಉಂಡವನು, ಎಲ್ಲದರಲ್ಲೂ ಅದೇ ರುಚಿ ಸಿಗುತ್ತಿತ್ತು. ಮಾಸ್ತರರು ಹಾಗಲ್ಲ, ದೇವರಾಣೆ ಇದು ಖರೆ ಎಂದರು.

"ಅಂದೂ ಖರೇನ ಅಂದಿದ್ರಿ," ಎಂದ ಯಂಕಪ್ಪ, ಕಣ್ಣು ತೆರೆದು. "ಎರಡರಾಗ ಯಾವ ದಿನ ಸುಳ್ಳ ಹೇಳಿದ್ರಿ, ಅದನ್ನರೆ ಹೇಳ್ರಿ."

ಹದಿನೈದು ಚುನಾವಣೆಗಳ ಅಂತರವನ್ನು ನಿದ್ದೆಯಲ್ಲೂ ಹೇಳಬಲ್ಲ ಮಾಸ್ತರರು ಉತ್ತರಕ್ಕೆ ಕೈಯಲ್ಲಿದ್ದ ಹಾಳೆಯನ್ನು ತಿರುವಿ ನೋಡಿದರು. ಆಗ ಮೃಣಾಲಿನಿ ಮುಂದೆ ಬಂದು ಹೊರಸಿನ ಕಾಲ ಬಳಿ ನೆಲದ ಮೇಲೆ ಕೂತಳು. ತಾನು ಪೋಸ್ಟ್‌ಮಾಸ್ತರರ ಮಗಳೆಂದು ಹೇಳಿಕೊಂಡಳು. ಅವತ್ತು ಅಂಗಳದಲ್ಲಿ ಕೆಂಪು ರುಮಾಲಿನ ಮನುಷ್ಯನೊಬ್ಬ ಅರ್ಧ ತಾಸು ನಿಂತಿದ್ದ, ಒಂದು ಕಾಲಲ್ಲಿ ಚಪ್ಪಲಿ ಇರಲಿಲ್ಲ, ನಮ್ಮ ಅಣ್ಣಾ ಸೋಲತಾನ್ರಿ, ನಮ್ಮ ಅಣ್ಣಾ ಸೋಲತಾನ್ರಿ ಎಂದು ಅಳುತ್ತಿದ್ದ, ನಾನು ಕಿಟಕಿಯಿಂದ ನೋಡಿದೆ, ನೀರು ಸಹ ಕೊಡಲಿಲ್ಲ ಎಂದಳು. ಕಣ್ಣು ಒರೆಸಿಕೊಂಡಳು.

ಚಪ್ಪಲಿಯ ಮಾತಿಗೆ ಯಂಕಪ್ಪನ ಮುಖ ಬಣ್ಣಗೆಟ್ಟಿತು. ಚುನಾವಣೆಯ ಸಲುವಾಗಿ ತಮ್ಮನಿಗೆ ಆ ಜೋಡು ಕೊಡಿಸಿದವನು ಅವನೇ. ಒಂದನ್ನು ಕಳೆದುಕೊಂಡು ಬಂದನೆಂದು ಅವತ್ತು ಸಂಜೆ ಬೈದದ್ದೂ ನೆನಪಿತ್ತು. ಅವನು ಶಾರವ್ವನ ಕಡೆ ಕೈ ಚಾಚಿದ. ಮಾಸ್ತರರೂ ಶಾರವ್ವನೂ ಎರಡು ಕಡೆ ಹಿಡಿದುಕೊಂಡು ಅವನನ್ನು ಹೊರಗೆ ಕಟ್ಟೆಗೆ ತಂದರು. ಹತ್ತು ಹೆಜ್ಜೆಗೆ ಮೂರು ಸಲ ನಿಂತು ಉಸಿರು ಎಳೆದುಕೊಂಡ.

"ತಮ್ಮಾ," ಎಂದ. ದನಿ ಏಳಲಿಲ್ಲ. ಮತ್ತೊಮ್ಮೆ, "ತಮ್ಮಾ, ಪಾಂಡಪ್ಪಾ. ಹೊರಗ ಬಾರೋ. ನನ್ನದು ತಪ್ಪಾತು."

ಪಾಂಡಪ್ಪ ಬಾಗಿಲಿಗೆ ಬಂದ. ಗೋಡೆಯ ಆಚೆ ನಿಂತು ಎಲ್ಲ ಕೇಳಿಸಿಕೊಂಡಿದ್ದನೆಂದು ಮುಖವೇ ಹೇಳುತ್ತಿತ್ತು. ಕೆನ್ನೆ ಒದ್ದೆಯಾಗಿತ್ತು, ಒರೆಸಿಕೊಳ್ಳಲಿಲ್ಲ. ಅಣ್ಣನನ್ನು ನೋಡಿದ, ಅವನು ತನ್ನತ್ತ ಚಾಚಿದ ಕೈಯನ್ನೂ ನೋಡಿದ. ಹೊಸ್ತಿಲು ದಾಟಲಿಲ್ಲ. ಮಾತಾಡಿದ್ದು ಮಾಸ್ತರರ ಜೊತೆ.

"ಅಂದು ನೀವು ಇಲ್ಲ ಅಂದ್ರಿ, ಅಣ್ಣ ನಂಬಿದ. ಇಂದು ನೀವು ಹೌದು ಅಂದ್ರಿ, ನಂಬಿದ. ನಾ ನಲವತ್ತೆರಡ ವರ್ಷ ಒಂದ ಮಾತ ಹೇಳಕೋಂತ ಬಂದೇನಿ ಸಾಹೇಬ್ರ. ಒಂದ ಹೊಟ್ಟ್ಯಾಗ ಹುಟ್ಟಿದವಗ ಅದನ್ನ ನಂಬಾಕ ನೀವಾ ಬೇಕಾತು."

ಬಾಗಿಲನ್ನು ಅವನು ಬಡಿಯಲಿಲ್ಲ, ಮೆಲ್ಲಗೆ ಮುಂದೆ ಮಾಡಿದ. ಒಳಗಿನಿಂದ ಅಗುಳಿ ಹಾಕಿದ ಸದ್ದು ಕೇಳಿಸಿತು. ಶಾರವ್ವ ಕಟ್ಟೆಯ ಮೇಲೆ ಕುಸಿದು ಕೂತು ಸೆರಗು ಬಾಯಿಗೆ ಒತ್ತಿಕೊಂಡಳು. ಯಂಕಪ್ಪ ಮುಚ್ಚಿದ ಬಾಗಿಲನ್ನು ನೋಡುತ್ತ ನಿಂತ. ಆಮೇಲೆ ನಿಧಾನಕ್ಕೆ ಮಾಸ್ತರರ ಕಡೆ ತಿರುಗಿ, ಕಾಲೇಜಿನ ಬಾಗಿಲಲ್ಲಿ ಕೇಳಿದಷ್ಟೇ ವಿನಯದಿಂದ ಕೇಳಿದ.

"ಈಗ ಏನ ಮಾಡೂನ್ರಿ ಸಾಹೇಬ್ರ? ನೀವಾ ಹೇಳ್ರಿ."